ಹೆಜ್ಜೆ ಕಾಣಲೆಂದು ಹರಗಿದ ಹೊಲ

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ನವಲಗುಂದದ ಬಾಡಿಗೆ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಕಿಟಕಿ ಮುಚ್ಚಿತ್ತು, ಬಾಗಿಲು ಮುಚ್ಚಿತ್ತು, ರೊಟ್ಟಿ ಬುಟ್ಟಿಯ ಮೇಲೆ ಅವ್ವ ಬಟ್ಟೆ ಹೊದಿಸಿದ್ದಳು. ಆದರೂ ಮೊದಲ ತುತ್ತಿಗೇ ಹಲ್ಲಿನ ನಡುವೆ ಕರ್ ಅಂತ ಒಂದು ಕಣ ಸಿಕ್ಕಿತು. ಉಗುಳಲಿಲ್ಲ, ನಾಲಗೆಯ ಮೇಲೆ ಹೊರಳಿಸಿ ನೋಡಿದೆ. ಎರಿ ಮಣ್ಣೇ, ನಮ್ಮ ಕಡೆಯ ಕಪ್ಪು ಮಣ್ಣು. ಬಿಸಿಲಿಗೆ ಕಾದ ಎರಿ ಮಣ್ಣಿಗೆ ಒಂದು ವಾಸನೆ ಇರುತ್ತದೆ, ಒಲೆಯ ಮೇಲೆ ಮರೆತುಬಿಟ್ಟ ಖಾಲಿ ಹಂಚಿನಂಥದು. ಬಾಯಿಗೆ ಬಂದಾಗ ಅದೇ ರುಚಿಯಾಗುತ್ತದೆ. ಕರಿ ನೆಲದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಬಾಯಲ್ಲೂ ಈಗ ಆ ಕಣ ಹೊರಳಿದ್ದೀತು. ಬೇರೆಯವರಾದರೆ ಧೂಳು ಅಂದು ಬಾಯಿ ಮುಕ್ಕಳಿಸಿ ಸುಮ್ಮನಾಗುತ್ತಾರೆ. ನನಗೆ ಮೊದಲು ಬರುವ ಪ್ರಶ್ನೆ, ಇದು ಯಾರ ಹೊಲದ್ದು ಎಂಬುದು. ಆ ಪ್ರಶ್ನೆ ಕೇಳುವುದನ್ನು ನನಗೆ ಕಲಿಸಿದವನು ನಮ್ಮಜ್ಜ. ಕೇಳಬಾರದಿತ್ತು ಎಂದು ನನಗೆ ತಿಳಿಯುವ ಹೊತ್ತಿಗೆ ಎರಡು ಮನೆ ಹಾಳಾಗಿದ್ದವು.

ನಮ್ಮದು ಮೊರಬಕ್ಕೂ ತಿರ್ಲಾಪುರಕ್ಕೂ ಬಳಕೆ ಇಟ್ಟುಕೊಂಡ ಸಣ್ಣ ಊರು. ಮಣ್ಣಿನ ಮಾಳಿಗೆಯ ತಗ್ಗು ಮನೆಯಲ್ಲಿ ಇದ್ದವರು ಮೂರೇ ಮಂದಿ: ಅಜ್ಜ, ಅವ್ವ, ನಾನು. ಅಪ್ಪ ನನಗೆ ನೆನಪಿಲ್ಲ. ನಾನು ನಡೆಯಲು ಕಲಿಯುವ ಮೊದಲೇ ಜ್ವರದಲ್ಲಿ ಹೋಗಿದ್ದ. ಅವನಪ್ಪನೇ ನಮ್ಮಜ್ಜ. ಗೋಡೆಗೆ ಗೋಡೆ ಹತ್ತಿದ ಬಾಜೂ ಮನೆ ನಿಂಗಪ್ಪ ಕಾಕಾ ಮತ್ತು ಗಂಗವ್ವ ಕಾಕೂನದು. ಅವರಿಗೆ ಮಕ್ಕಳಿರಲಿಲ್ಲ. ಊರಲ್ಲಿ ಯಾರೂ ಮಾಡದ ಒಂದು ಕೆಲಸವನ್ನು ಅವ್ವ ಮತ್ತು ಗಂಗವ್ವ ಕಾಕೂ ಮಾಡುತ್ತಿದ್ದರು. ಉರುವಲು ಉಳಿಯಲೆಂದು ಒಂದು ದಿನ ನಮ್ಮ ಒಲೆ, ಒಂದು ದಿನ ಅವರ ಒಲೆ ಹೊತ್ತಿಸಿ, ಎರಡೂ ಮನೆಯ ರೊಟ್ಟಿಯನ್ನು ಒಟ್ಟಿಗೇ ಬಡಿಯುತ್ತಿದ್ದರು. ಒಬ್ಬಳು ತಟ್ಟಿದರೆ ಇನ್ನೊಬ್ಬಳು ಬೇಯಿಸುವುದು. ತಟ್ಟುವ ಸಪ್ಪಳ ನಿಂತರೆ ಒಳಗೆ ಏನೋ ನಗೆಯ ಮಾತು ನಡೆದಿದೆ ಎಂದು ನನಗೆ ಹೊರಗಿನಿಂದಲೇ ಗೊತ್ತಾಗುತ್ತಿತ್ತು. ವಿಧವೆ ಸೊಸೆ ನಗುವ ಜಾಗ ಆ ಮನೆಯಲ್ಲಿ ಅದೊಂದೇ ಇತ್ತು. ಗಂಗವ್ವ ಕಾಕೂ, "ನಿಮ್ಮ ಮಾವ ಹಂಚಿನ ಮ್ಯಾಲಿನ ರೊಟ್ಟಿ ಎಣಸಾಕ ಬರತಾನ ನೋಡ, ಲಗೂನ ತಿರುವಿ ಹಾಕ," ಅಂದರೆ ಅವ್ವ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು.

ಮಾತು ಸುಳ್ಳಲ್ಲ. ಅಜ್ಜನ ಸಂಶಯಕ್ಕೆ ಗಡಿ ಎಂಬುದಿರಲಿಲ್ಲ. ಮಲಗುವಾಗ ಕೆರ ಬಿಟ್ಟರೆ ಬೋರಲು ಹಾಕಿಯೇ ಬಿಡುತ್ತಿದ್ದ, ಯಾರಾದರೂ ಮೆಟ್ಟಿಕೊಂಡು ಹೋಗಿ ತಂದಿಟ್ಟರೆ ತಿಳಿಯಲಿ ಎಂದು. ಜೋಳದ ಚೀಲಕ್ಕೆ ತಾನೊಬ್ಬನೇ ಹಾಕಬಲ್ಲ ಗಂಟು ಹಾಕುತ್ತಿದ್ದ. ಉಪ್ಪಿನಕಾಯಿ ಭರಣಿಗೆ ಗೆರೆ ಎಳೆದಿದ್ದ. ಮಗ ಸತ್ತು, ಹೊಲ ಒಂದೇ ಕೈಗೆ ಉಳಿದವನಿಗೆ ಅಂಜಿಕೆ ಇದ್ದದ್ದು ಸಹಜ ಎಂದು ಈಗ ಅನ್ನಿಸುತ್ತದೆ. ಆಗ ನಮಗೆ ಅದು ಬರೀ ಕಾಟವಾಗಿತ್ತು. ಒಂದು ವರ್ಷ ಜೋಳ ಕೊಯ್ದ ಮೇಲೆ ಆ ಸಂಶಯ ಹೊಲಕ್ಕೆ ಹೊರಳಿತು. ನಮ್ಮ ಹೊಲದ ಮೂಡಲಿಗೆ ನಿಂಗಪ್ಪ ಕಾಕಾನ ಹೊಲ. ನಡುವೆ ಬಾಂದಗಲ್ಲು, ಅಂದರೆ ಗಡಿಯ ಗುರುತಿಗೆ ಹೂಳಿದ ಕಲ್ಲು. ಆ ಕಲ್ಲಿನ ಸುತ್ತ ಮಣ್ಣು ಇಳಿದು, ಬುಡ ಹೊಸದಾಗಿ ಎರಡು ಬೆರಳು ಬಿಟ್ಟುಕೊಂಡಿತ್ತು. ಅಜ್ಜ ಅಲ್ಲಿ ಸುಣ್ಣದ ಗೆರೆ ಹಾಕಿ ಬಂದ. ಹದಿನೈದು ದಿನ ಬಿಟ್ಟು ನೋಡಿದರೆ ಗೆರೆಯ ಕೆಳಗೆ ಮತ್ತೊಂದು ಬೆರಳು ಕಲ್ಲು.

"ಕಲ್ಲ ಬೆಳಿಯೂದಿಲ್ಲ," ಅಂದ ಅಜ್ಜ ಅವತ್ತು ಊಟಕ್ಕೆ ಕೂತು. "ಮಣ್ಣ ಹೊಂಟೈತಿ. ನಿಂಗ್ಯಾ ಚಕ್ಕಡಿ ಕಟಗೊಂಡ ಒಯ್ಯಾಕತ್ತಾನ."

"ಮಣ್ಣ ಒಯ್ದು ಏನ ಮಾಡ್ಯಾನ್ರಿ ಮಾವಾರ?" ಅವ್ವ ಮೆಲ್ಲಗೆ ಕೇಳಿದಳು.

"ಮಣ್ಣ ಒಯ್ದು ಏನ ಮಾಡ್ತಾರ ಅಂತ ಕೇಳ್ತಾಳ, ಒಕ್ಕಲಗ್ಯಾರ ಮನಿ ಸೊಸಿ."

ನಿಂಗಪ್ಪ ಕಾಕಾ ಊರಿನ ಕಣ್ಣಲ್ಲಿ ಮೈಗಳ್ಳ. ಜೋಳ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಗೇಣುದ್ದದ ಮೋಟು ಬುಡಗಳಿಗೆ ನಾವು ಕೂಳೆ ಅನ್ನುತ್ತೇವೆ. ಅವನ್ನು ಕಿತ್ತು, ಆರಿಸಿ, ಒಲೆಗೆ ಹಾಕಿ, ಹೊಲವನ್ನು ಅಂಗಳದ ಹಾಗೆ ಹಸನು ಮಾಡುವುದು ಒಕ್ಕಲುತನದ ಮರ್ಯಾದೆ. ನಿಂಗಪ್ಪ ಕಾಕಾ ಕೂಳೆಯನ್ನು ಹಾಗೇ ಬಿಡುತ್ತಿದ್ದ. ಗಡಿಗುಂಟ ಜಾಲಿ ಬೇಲಿ, ಅದರ ಬುಡಕ್ಕೆ ಸೊಂಟದೆತ್ತರ ಒಣಹುಲ್ಲು. "ಗಡ್ಡಾ ಬೋಳಿಸದ ಮಾರಿ ಆಗೈತಿ ಅವನ ಹೊಲ," ಎಂದು ಅಜ್ಜ ನಗುತ್ತಿದ್ದ. ಅಂಥ ಮೈಗಳ್ಳ ನಸುಕಿನಲ್ಲಿ ಎದ್ದು ಚಕ್ಕಡಿ ಹೂಡಿ ಮಣ್ಣು ಕದಿಯುತ್ತಾನೆಯೇ ಎಂದು ಅಜ್ಜನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕಳ್ಳನನ್ನು ಹಿಡಿಯಲು ಅಜ್ಜ ಹೂಡಿದ ಉಪಾಯ ನನಗೆ ಆಗ ಬಹಳ ಜಾಣತನದ್ದಾಗಿ ಕಂಡಿತ್ತು. ಗಡಿಗುಂಟ ಹತ್ತು ಮಾರು ಅಗಲದ ಪಟ್ಟಿಯಲ್ಲಿ ಒಂದೇ ಒಂದು ಕೂಳೆ ಉಳಿಯದಂತೆ ಅವ್ವನಿಂದ ಕೀಳಿಸಿದ. ಆಮೇಲೆ ಎತ್ತಿಗೆ ಕುಂಟೆ ಹೂಡಿ ಹರಗಿದ. ಕುಂಟೆ ಅಂದರೆ ಮೇಲ್ಮಣ್ಣನ್ನು ಕೆತ್ತಿ ಸಡಿಲಿಸುವ ಅಡ್ಡ ಅಲಗು. ಒಂದು ಸಲ ಹರಗಿದರೆ ಸಾಕಾಗುವ ಕಡೆ ಮೂರು ಸಲ ಹರಗಿದ. ಬೇಸಿಗೆಯ ಎರಿ ನೆಲದಲ್ಲಿ ಕಾಲು ಇಳಿಯುವಂಥ ಬಿರುಕುಗಳಿರುತ್ತವಲ್ಲ, ಅವೆಲ್ಲ ಮುಚ್ಚಿಹೋದವು. ಹೆಂಟೆಗಳು ಒಡೆದು ಪುಡಿಯಾದವು. ಕಡೆಗೆ ಜಾಲಿ ಟೊಂಗೆಗಳ ಹೊರೆ ಕಟ್ಟಿ ಅದನ್ನು ಎಳೆಸಿ ಗೆರೆಯೂ ಉಳಿಯದಂತೆ ಸವರಿದ. ಪಟ್ಟಿ ಹಿಟ್ಟು ಹರವಿದ ಹಾಗೆ ಆಯಿತು. "ಈಗ ಬಾ ಮಗನ," ಅಂದ. "ಗುಬ್ಬಿ ಕಾಲಿಟ್ಟರೂ ಕಾಣಬೇಕು." ಕುಂಟೆಗೆ ಭಾರ ಬೇಕೆಂದು ಅದರ ಮೇಲೆ ನಿಂತವಳು ನಾನು. ಎತ್ತುಗಳ ಬಾಲ ಹಿಡಿದು, ಅಂಗಾಲಿಗೆ ಮಣ್ಣಿನ ಕಚಗುಳಿ ಹತ್ತಿಸಿಕೊಳ್ಳುತ್ತ, ಕಿರುಚಿ ನಗುತ್ತಿದ್ದೆ. ಅಷ್ಟು ಖುಷಿಯ ಕೆಲಸವನ್ನು ಅಜ್ಜ ನನಗೆ ಇನ್ನೊಂದು ಕೊಟ್ಟಿದ್ದು ನೆನಪಿಲ್ಲ. ವಾರಕ್ಕೆರಡು ಸಂಜೆ ಹೀಗೆ ಸವರುವುದು, ಬೆಳಗ್ಗೆ ಎದ್ದು ಹೆಜ್ಜೆ ಹುಡುಕುವುದು.

ಹೆಜ್ಜೆ ಸಿಗಲಿಲ್ಲ. ಒಂದು ದಿನ ನಾಯಿಯದು ಸಿಕ್ಕಿತು, ಒಂದು ದಿನ ಓತಿಕ್ಯಾತದ ಬಾಲದ ಗೆರೆ. ಆದರೆ ಬಾಂದಗಲ್ಲು ಮಾತ್ರ ಮೊದಲಿಗಿಂತ ಬೇಗ ಬೇಗ ಬುಡ ಬಿಡತೊಡಗಿತು. ಯಾರಾದರೂ ಇಲ್ಲಿ ನಿಂತು ಯೋಚಿಸಬೇಕಿತ್ತು. ಅಜ್ಜನೂ ಯೋಚಿಸಿದ, ತನ್ನ ರೀತಿಯಲ್ಲಿ. "ಹೆಜ್ಜಿ ಇಲ್ಲಂದ್ರ ಅಳಿಸಿಕೋತ ಹಿಂದಕ ಹೋಗ್ಯಾನ. ಸಾದಾ ಕಳ್ಳ ಅಲ್ಲ ಇಂವ." ಹೆಜ್ಜೆ ಸಿಕ್ಕಿದ್ದರೆ ಒಂದು ಪಟ್ಟು ಇರುತ್ತಿದ್ದ ಸಂಶಯ, ಸಿಗದ್ದಕ್ಕೆ ಎರಡು ಪಟ್ಟಾಯಿತು. ಇನ್ನು ಹಗಲು ಕಾಯಬೇಕು ಎಂದು ಸಾಲೆ ರಜೆಯಲ್ಲಿದ್ದ ನನ್ನನ್ನು ಮಧ್ಯಾಹ್ನದ ಹೊತ್ತು ಹೊಲಕ್ಕೆ ಕಳಿಸತೊಡಗಿದ.

ಹಾಗೆ ಒಂದು ಮಧ್ಯಾಹ್ನ ತೆಂಕಣ ಬದುವಿನ ಬೇವಿನ ನೆರಳಲ್ಲಿ ಬೋರಲು ಮಲಗಿ, ಗದ್ದವನ್ನು ಮುಂಗೈ ಮೇಲೆ ಇಟ್ಟುಕೊಂಡು ನಮ್ಮ ಪಟ್ಟಿಯನ್ನೇ ನೋಡುತ್ತಿದ್ದೆ. ಸ್ವಲ್ಪ ಮೊದಲು ಗಂಗವ್ವ ಕಾಕೂ ತನ್ನ ಹೊಲಕ್ಕೆ ಬಂದವಳು ಬೇಲಿಯ ಸಂದಿಯಿಂದ ಶೇಂಗಾ ಉಂಡಿ ಕೊಟ್ಟು ಹೋಗಿದ್ದಳು. ಬಾಯಲ್ಲಿ ಅದರ ಬೆಲ್ಲ ಇನ್ನೂ ಇತ್ತು. ಕಣ್ಣು ನೆಲದಿಂದ ಗೇಣು ಮೇಲಿದ್ದರೆ ನುಣುಪಾದ ಹೊಲವೂ ಗುಡ್ಡ ತಗ್ಗುಗಳ ದೊಡ್ಡ ಸೀಮೆಯಾಗಿ ಕಾಣುತ್ತದೆ. ಪಡುವಣ ಗಾಳಿ ಬೀಸುತ್ತಿತ್ತು. ಜೋರೇನೂ ಇರಲಿಲ್ಲ. ಸಾಸಿವೆಯಷ್ಟು ದಪ್ಪದ ಒಂದು ಮಣ್ಣಿನ ಕಾಳು ಇದ್ದಲ್ಲೇ ನಡುಗಿತು. ನಿಂತಿತು. ಮತ್ತೆ ನಡುಗಿತು. ಗಾಳಿ ಒಂದಿಷ್ಟು ಬಿರುಸಾದಾಗ ಎರಡು ಬೆರಳು ದೂರ ಉರುಳಿ, ತಟ್ಟನೆ ಮೇಲಕ್ಕೆ ಜಿಗಿಯಿತು. ಗೇಣೆತ್ತರ ಏರಿದ್ದೀತು, ಮೊಳ ದೂರ ಹೋಗಿ ಬಿತ್ತು. ಬಿದ್ದ ಪೆಟ್ಟಿಗೆ ಅಲ್ಲಿಂದ ಎರಡು ಕಾಳು ಜಿಗಿದವು, ಹಿಟ್ಟಿನಂಥ ನಯವಾದ ಧೂಳು ಪುಸ್ಸೆಂದು ಎದ್ದಿತು. ಆ ಹಿಟ್ಟು ಅಲ್ಲಿಯವರೆಗೆ ಗಾಳಿಗೆ ಜಗ್ಗದೆ ನೆಲಕ್ಕೆ ಅಂಟಿಕೊಂಡು ಕೂತಿತ್ತು. ಕಾಳು ಬಂದು ಬಡಿದ ಮೇಲೆ ಎದ್ದದ್ದು, ಎದ್ದ ಮೇಲೆ ಇಳಿಯಲೇ ಇಲ್ಲ, ತೇಲಿಕೊಂಡು ಹೋಯಿತು. ಎರಡು ಕಾಳು ನಾಲ್ಕಾದವು. ನಾಲ್ಕು ಎಷ್ಟಾದವೋ ಎಣಿಸಲಾಗಲಿಲ್ಲ. ಎದ್ದು ನಿಂತು ಪಟ್ಟಿಗೆ ಇಳಿದರೆ ಪಾದದ ಮೇಲಿನ ಹರಡಿನ ಸುತ್ತ ಸೂಜಿ ಚುಚ್ಚಿದಂತೆ ಬಡಿಯುತ್ತಿದ್ದವು, ಮೊಣಕಾಲಿನಿಂದ ಮೇಲಕ್ಕೆ ಏನೂ ಇಲ್ಲ. ಇಡೀ ಪಟ್ಟಿ ಕುದಿಯುವ ನೀರಿನಂತೆ ಹೊಗೆಯಾಡುತ್ತ ಮೂಡಲಿಗೆ ಹೊರಟಿತ್ತು. ನಿಂಗಪ್ಪ ಕಾಕಾನ ಹೊಲದಲ್ಲಿ ಒಂದು ಕಾಳೂ ಅಲ್ಲಾಡಲಿಲ್ಲ. ಬೇಲಿ ದಾಟಿದ ಕಾಳುಗಳು ಕೂಳೆಗೆ ಬಡಿದು ತೆಪ್ಪಗೆ ಬೀಳುತ್ತಿದ್ದವು. ಉಳಿದವೆಲ್ಲ ಬೇಲಿಯ ಹುಲ್ಲಿನಲ್ಲೇ ಇಂಗುತ್ತಿದ್ದವು.

ಓಡಿಹೋಗಿ ಅಜ್ಜನಿಗೆ ಹೇಳಿದೆ. ಕಳ್ಳ ಸಿಕ್ಕ ಎಂಬ ಸಂಭ್ರಮ ನನಗೆ. "ಅಜ್ಜಾ, ಯಾರೂ ಒಯ್ದಿಲ್ಲ, ಮಣ್ಣ ತಾನ ಜಿಗದ ಜಿಗದ ಹೋಗಾಕತ್ತೈತಿ. ಒಂದಕ್ಕೊಂದು ಒದ್ದು ಎಬ್ಬಸತಾವ."

ಅಜ್ಜ ನನ್ನ ಮುಖವನ್ನು ನೋಡಲಿಲ್ಲ, ಬಾಯಿ ನೋಡಿದ. ತುಟಿಯ ಮೇಲೆ ಶೇಂಗಾದ ಪುಡಿ ಇತ್ತು. "ಉಂಡಿ ಯಾರ ಕೊಟ್ರ?"

"ಗಂಗವ್ವ ಕಾಕೂ."

"ಹಾಂ. ಉಂಡಿ ಕೊಟ್ಟು ಮಾತೂ ಕೊಟ್ಟ ಕಳಿಸ್ಯಾಳ." ಆಮೇಲೆ ಬಹಳ ತಣ್ಣಗೆ ಹೇಳಿದ. "ಸಾಲ್ಯಾಗ ಇಂಥಾ ಪುರಾಣ ಕಲಿಸ್ತಾರೇನ? ಇದ ಮಾತ ಇನ್ನೊಮ್ಮಿ ಬಾಯಾಗ ಬಂತಂದ್ರ ಬರೂ ವರ್ಷ ಮೊರಬದ ಬಸ್ ಹತ್ತಬ್ಯಾಡ. ಮನ್ಯಾಗ ಸಗಣಿ ಬಳಿ."

ಮೊರಬದ ಬಸ್ ಅಂದರೆ ಹೈಸ್ಕೂಲು. ನಮ್ಮೂರ ಸಾಲೆ ಏಳಕ್ಕೆ ಮುಗಿಯುತ್ತಿತ್ತು, ನಾನು ಏಳು ಪಾಸಾಗಿದ್ದೆ. ಹೆಣ್ಣುಮಗಳನ್ನು ಬಸ್ಸಿಗೆ ಕಳಿಸಲು ಅಜ್ಜನನ್ನು ಒಪ್ಪಿಸಿದ್ದೂ ಗಂಗವ್ವ ಕಾಕೂನೇ. ಅದನ್ನು ಇಲ್ಲಿ ಹೇಳದಿದ್ದರೆ ಬರೆದೂ ಪ್ರಯೋಜನವಿಲ್ಲ.

ನಾಲ್ಕು ದಿನಕ್ಕೆ ಬಸವಣ್ಣನ ಗುಡಿಕಟ್ಟೆಯ ಮೇಲೆ ಹಿರಿಯರು ಕೂಡಿದರು. ಅಜ್ಜ ಸುಣ್ಣದ ಗೆರೆಗಳ ಲೆಕ್ಕ ಒಪ್ಪಿಸಿದ. ನಿಂಗಪ್ಪ ಕಾಕಾ, "ನಾ ಒಯ್ದಿಲ್ರಿ," ಎಂದಷ್ಟೇ ಹೇಳಿ ನಿಂತ. ಊರ ಗೌಡರು ಒಳ್ಳೆಯವರು; ನನ್ನನ್ನು ಹತ್ತಿರ ಕರೆದು, "ಹೊಲಾ ಕಾಯಾಕ ನೀ ಇದ್ದಿಯಲ್ಲವಾ ತಂಗಿ, ಏನ ಕಂಡಿ? ಅಂಜಬ್ಯಾಡ, ಹೇಳ," ಅಂದರು. ಗುಡಿಯ ಕಂಬದ ಹಿಂದೆ ಹೆಂಗಸರ ನಡುವೆ ಅವ್ವ, ಗಂಗವ್ವ ಕಾಕೂ ಒಬ್ಬರಿಗೊಬ್ಬರು ಹತ್ತಿಯೇ ನಿಂತಿದ್ದರು. ಕಾಕೂ ನನಗೆ ಕಣ್ಣಲ್ಲೇ ಧೈರ್ಯ ಹೇಳುತ್ತಿದ್ದಳು. ಅಜ್ಜ ಕೋಲನ್ನು ನೆಲಕ್ಕೆ ಕುಟ್ಟಿದ, ಮೆಲ್ಲಗೆ, ಒಂದೇ ಸಲ. ನಾನು ಹೇಳಿದೆ: "ನನಗ ನಿದ್ದಿ ಹತ್ತಿತ್ರಿ. ಏನೂ ನೋಡಿಲ್ಲ."

ಕಾದವಳು ಮಲಗಿದ್ದರೆ ಕಳ್ಳ ಬಂದಿರಬಹುದು. ನನ್ನ ಒಂದು ಮಾತಿನಿಂದ ಅಜ್ಜನ ಮಾತಿಗೆ ಕಾಲು ಬಂತು. ಹಳೆಯದೊಂದು ರೂಢಿ ಆಗಲೇ ಮರೆತುಹೋಗುತ್ತಿತ್ತು, ಅವತ್ತು ಅದನ್ನು ಎಬ್ಬಿಸಿದರು. ಗಡಿಯ ತಂಟೆ ಬಗೆಹರಿಯದಿದ್ದರೆ ಆಪಾದನೆ ಹೊತ್ತವನು ಮೈತೊಳೆದು, ವಿಭೂತಿ ಹಚ್ಚಿ, ರುಮಾಲು ತೆಗೆದು, ತಂಟೆಯ ಹೊಲದ ಮಣ್ಣನ್ನು ಬರಿತಲೆಯ ಮೇಲೆ ಇಟ್ಟುಕೊಂಡು, ನಾನು ಒಯ್ದಿಲ್ಲ ಎಂದು ಹೇಳುತ್ತ ಒಂದು ಬಾಂದಗಲ್ಲಿನಿಂದ ಇನ್ನೊಂದಕ್ಕೆ ನಡೆಯಬೇಕು. ನಿಂಗಪ್ಪ ಕಾಕಾನ ಬೋಳು ನೆತ್ತಿಯನ್ನು ನಾನು ಮೊದಲು ಕಂಡದ್ದು ಆಗ. ಊರಿಗೆ ಊರೇ ಬದುವಿನ ಮೇಲೆ ನಿಂತಿತ್ತು. ಅವನು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಗಾಳಿ ಎದ್ದಿತು, ತಲೆಯ ಮೇಲಿನ ಮಣ್ಣು ಹಾರಿ ಕಣ್ಣಿಗೆ ಬಿತ್ತು. ಎರಡೂ ಕೈ ಮಣ್ಣು ಹಿಡಿದಿದ್ದವು, ಒರೆಸಿಕೊಳ್ಳಲಾಗಲಿಲ್ಲ. ಕೆನ್ನೆಯ ಮೇಲೆ ಕೆಸರಿನ ಎರಡು ಗೆರೆ ಇಳಿದವು. "ಅಳಾಕತ್ತಾನ ನೋಡ," ಅಂದರು ಯಾರೋ. "ಒಯ್ದಿಲ್ಲಂದ್ರ ಯಾಕ ಅಳಬೇಕು?" ನಡೆದು ಮುಗಿಸಿದ, ತಂಟೆ ತೀರಿತು ಎಂದು ಗೌಡರು ಸಾರಿದರು. ತೀರಿದ್ದು ತಂಟೆಯೊಂದೇ, ಊರಿನ ಬಾಯಿ ಮುಚ್ಚಲಿಲ್ಲ.

ಮರುದಿನ ಎರಡು ಮನೆಯ ಮಾಳಿಗೆಯಿಂದ ಎರಡು ಹೊಗೆ ಎದ್ದವು. ಗೋಡೆಯಾಚೆ ರೊಟ್ಟಿ ತಟ್ಟುವ ಸಪ್ಪಳ ಕೇಳಿದರೆ ಅವ್ವ ತಾನು ತಟ್ಟುವುದನ್ನು ನಿಲ್ಲಿಸಿ, ಆ ಕಡೆ ಮುಗಿದ ಮೇಲೆ ಮತ್ತೆ ಶುರು ಮಾಡುತ್ತಿದ್ದಳು. ಮೊದಮೊದಲು ಅವ್ವ ಅಜ್ಜನನ್ನು ನಂಬಿರಲಿಲ್ಲ. ಮುಂದಿನ ವರ್ಷ ಬೇವಿನ ಬೀಜ ಆರಿಸಲು ಹೋದವಳು ಜಾಲಿ ಬೇಲಿಯ ಬುಡದಲ್ಲಿ, ಒಣಹುಲ್ಲಿನ ಕೆಳಗೆ, ನುಣ್ಣನೆಯ ಮಣ್ಣಿನ ದಿಬ್ಬ ಕಂಡು ಬಂದಳು. ಅವತ್ತು ಸಂಜೆ ನನ್ನ ಮುಂದೆ ಒಂದೇ ಸಲ ಹೇಳಿದಳು: "ಮಾವಾರ ಮಾತ ಖರೆ ಇತ್ತು. ಗಂಗಕ್ಕಗೂ ಗೊತ್ತಿತ್ತು. ಗೊತ್ತಿದ್ದೂ ನನ್ನ ಒಲಿ ಮುಂದ ಕುಂತು ನಗತಿದ್ದಳು." ಆಮೇಲೆ ಕಾಕೂನ ಹೆಸರೇ ಅವ್ವನ ಬಾಯಲ್ಲಿ ಬರಲಿಲ್ಲ. ಕಳೆದ ಬೇಸಿಗೆಗೂ ಮೊದಲಿನ ವರ್ಷ ಕಾಕೂ ತೀರಿಕೊಂಡ ಸುದ್ದಿ ಬಂದಾಗ ಅವ್ವ ನವಲಗುಂದದಲ್ಲಿ ನನ್ನ ಜೊತೆಗಿದ್ದಳು. ಅರ್ಧ ತಾಸಿನ ದಾರಿ. ಹೋಗಲಿಲ್ಲ.

ನಾನು ಮೊರಬದ ಬಸ್ ಹತ್ತಿದೆ. ಅಲ್ಲಿಂದ ನವಲಗುಂದ, ಅಲ್ಲಿಂದ ಧಾರವಾಡ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು, ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಒಂದೇ ಸೀರೆಯನ್ನು ತೊಳೆದು ಉಟ್ಟು, ಹಾಸ್ಟೆಲಿನ ನೀರು ಸಾರು ಉಂಡು ಪಡೆದದ್ದು. ಭೂಗೋಳದ ತರಗತಿಯಲ್ಲಿ ಒಂದು ದಿನ ಮಾಸ್ತರರು ಹಲಗೆಯ ಮೇಲೆ ಸೀಮೆಸುಣ್ಣದ ಚುಕ್ಕೆಗಳನ್ನಿಟ್ಟು, ಒಂದು ಚುಕ್ಕೆಯಿಂದ ಬಿಲ್ಲಿನಂಥ ಗೆರೆ ಎಳೆದು, ಅದು ಬಿದ್ದಲ್ಲಿಂದ ಎರಡು ಗೆರೆ ಎಳೆದರು. ಬರಿದಾದ ಒಣ ನೆಲದ ಮೇಲೆ ಗಾಳಿಯ ಕೆಲಸ ಹೀಗೆ ಶುರುವಾಗುತ್ತದೆ ಅಂದರು. ಅತಿ ಸಣ್ಣ ಧೂಳನ್ನು ಗಾಳಿ ತಾನೇ ಎಬ್ಬಿಸಲಾರದು, ಜಿಗಿಯುವ ಕಾಳು ಬಂದು ಬಡಿಯಬೇಕು. ನೆಲವನ್ನು ಪುಡಿ ಮಾಡಿ ಕೂಳೆ ತೆಗೆದವನು ಗಾಳಿಗೆ ಬಾಗಿಲು ತೆಗೆದಂತೆ. ಪಕ್ಕದ ಹುಡುಗಿಯರು ಬರೆದುಕೊಳ್ಳುತ್ತಿದ್ದರು. ನಾನು ಪೆನ್ನು ಕೆಳಗಿಟ್ಟು ಕೂತಿದ್ದೆ, ಹರಡಿನ ಸುತ್ತ ಸೂಜಿಗಳು ಚುಚ್ಚುತ್ತಿದ್ದವು. ನಾನು ಹದಿಮೂರರ ವಯಸ್ಸಿನಲ್ಲಿ ಕಂಡದ್ದನ್ನೇ ಆ ಹಲಗೆ ಹೇಳುತ್ತಿತ್ತು. ಅದನ್ನು ಓದುವ ಕುರ್ಚಿಯಲ್ಲಿ ನಾನು ಕೂತದ್ದು ಅದನ್ನು ಮುಚ್ಚಿಟ್ಟದ್ದಕ್ಕೆ.

ಆ ವಾರವೇ ಊರಿಗೆ ಹೋಗಿ ಅಜ್ಜನ ಮುಂದೆ ನೋಟ್‌ಬುಕ್ ತೆರೆದು ಎಲ್ಲ ವಿವರಿಸಿದೆ. ಅಜ್ಜನ ಕಣ್ಣು ಮಂಜಾಗಿದ್ದವು. ಅಷ್ಟು ವರ್ಷ ಪ್ರತಿ ಬೇಸಿಗೆ ಆ ಪಟ್ಟಿಯನ್ನು ಸವರುತ್ತಲೇ ಇದ್ದ. ಈಗ ಅಲ್ಲಿ ಕರಿ ಮಣ್ಣು ತೆಳುವಾಗಿ, ಕೆಳಗಿನ ಬಿಳಿ ಸುಣ್ಣಗಲ್ಲು ಹಲ್ಲಿನಂತೆ ಕಾಣುತ್ತಿತ್ತು. ಪೂರ್ತಿ ಕೇಳಿದ. "ಈ ಪುಸ್ತಕಾ ಬರದಾಂವ ನಿಂಗ್ಯಾನ ಬೀಗನೇನ?" ಅಂದ. ಎರಡು ವರ್ಷಕ್ಕೆ ತೀರಿಕೊಂಡ. ಸಾಯುವ ಮುಂಚಿನ ದಿನಗಳಲ್ಲೂ ಕೆರ ಬೋರಲು ಹಾಕಿಸುತ್ತಿದ್ದ. ಆಮೇಲಿನ ಒಂದು ಮಳೆಗಾಲದಲ್ಲಿ ಮಾಳಿಗೆ ಕುಸಿಯಿತು. ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟೆವು. ಆ ಮನೆ ಈಗ ಇಲ್ಲ, ಅದರ ಜಾಗದಲ್ಲಿ ಯಾರೋ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ.

ಲಾವಣಿಯ ಮಾತಾಡಲು ಕಳೆದ ಬೇಸಿಗೆ ಊರಿಗೆ ಹೋದಾಗ ನಿಂಗಪ್ಪ ಕಾಕಾ ತನ್ನ ಮನೆಯ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ಗುರುತು ಹಿಡಿದು, "ನವಲಗುಂದದ ಸಾಲ್ಯಾಗ ಅಕ್ಕೋರ ಆಗೀಯಂತಲ್ಲವಾ, ಕುಂದರು," ಅಂದ. ಕೂತೆ. ಸುತ್ತಿ ಬಳಸಿ ಮಾತಾಡಲು ನನಗೆ ಬರುವುದಿಲ್ಲ.

"ಕಾಕಾ, ಆವತ್ತ ಹೊಲದಾಗ ನಾ ನಿದ್ದಿ ಮಾಡಿರಲಿಲ್ರಿ."

"ಗೊತ್ತೈತಿ. ಬೇಲಿ ಆಚೀಕ ನಾ ಇದ್ದೆ. ಹಾವು ನೋಡಿದಂಗ ಮಣ್ಣ ನೋಡ್ಕೋತ ಬಿದ್ದಿದ್ದಿ."

"ಗಾಳಿ ಒಯ್ಯೂದು ನೀವೂ ನೋಡಿದ್ರಿ?"

"ನೋಡಿದೆ."

"ಮತ್ತ ಯಾಕ ಹೇಳಲಿಲ್ರಿ?"

ಅವನು ಅಂಗೈಯಲ್ಲಿ ಸುಣ್ಣ ತಂಬಾಕು ತಿಕ್ಕಿದ. "ಹೇಳಿದ್ದರ ಊರ ಮಂದಿ ಬಂದ ಬೇಲಿ ಬುಡಾ ನೋಡತಿದ್ರು. ತಿರುಗಿ ಹಾಕಲೇ ಅಂತಿದ್ದ ನಿಮ್ಮಜ್ಜ. ಮೊಣಕಾಲಮಟ ಬಿದ್ದಿತ್ತವಾ, ಅಗದಿ ಹಿಟ್ಟಿನಂಥಾದ್ದು. ನಾಕು ವರ್ಷ ಬೀಳಾಕ ಬಿಟ್ಟು, ಆಮ್ಯಾಲ ಹೊಲಕ್ಕ ಹರವಿದೆ. ಜ್ವಾಳ ಆಳೆತ್ತರ ಬಂತು." ತಂಬಾಕನ್ನು ತುಟಿಯೊಳಗೆ ಇಟ್ಟುಕೊಂಡ. "ನಾ ಒಯ್ದಿಲ್ಲ. ತಲಿ ಮ್ಯಾಲ ಮಣ್ಣಿಟ್ಟು ಹೇಳಿದ್ದು ಸುಳ್ಳಲ್ಲ. ಬಂದದ್ದನ್ನ ಇಟಗೊಂಡಿಯೇನ ಅಂತ ಯಾರೂ ಕೇಳಲಿಲ್ಲ."

"ಕಾಕೂಗ ಗೊತ್ತಿತ್ತೇನ್ರಿ?"

"ಅಕಿಗೆ ಕೆರಿ ಮಣ್ಣ ಅಂತ ಹೇಳಿದ್ದೆ. ಖರೆ ಹೇಳಿದ್ದರ ಅಕಿ ಅವತ್ತ ನಿಮ್ಮವ್ವನ ಮುಂದ ಹೇಳಿಬಿಡತಿದ್ದಳು. ಹೊಟ್ಟ್ಯಾಗ ಮಾತ ಇಟಗೊಳ್ಳೂ ಹೆಣ್ಣಲ್ಲ ಅಕಿ." ಬೀದಿಯ ಕಡೆ ನೋಡಿದ. "ನಿಮ್ಮವ್ವ ಯಾಕ ಮಾರಿ ತಿರುವಿದಳು ಅಂತ ಕಡೀತನಕ ಕೇಳತಿದ್ದಳು. ನಾ ಏನಂತ ಹೇಳಲಿ."

ಸಂಜೆ ಮನೆಗೆ ಬಂದಾಗ ಅವ್ವ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಕೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಗಾಳಿಯ ಮಾತು, ಬೇಲಿಯ ಮಾತು, ನಾನು ಎಚ್ಚರವಿದ್ದದ್ದು, ಸಾಲೆ ಬಿಡಿಸುವ ಅಂಜಿಕೆ, ಕೆರೆ ಮಣ್ಣಿನ ಸುಳ್ಳು. ಅವಳ ಕೈ ಮೊರದ ಮೇಲೆ ನಿಂತಿತು.

"ಗಂಗಕ್ಕಗ ಗೊತ್ತಿರಲಿಲ್ಲ ಅಂದನ?"

"ಇಲ್ಲಂತ."

ಆಚೆ ರಸ್ತೆಯಲ್ಲಿ ಬಸ್ಸೊಂದು ಹೋಯಿತು. ಅದರ ಧೂಳು ಜೋಳದ ಮೇಲೆ ಬೀಳದಂತೆ ಅವ್ವ ಸೆರಗು ಹೊದಿಸಿದಳು. "ನಾ ಅಕಿ ಮಣ್ಣಿಗೂ ಹೋಗಲಿಲ್ಲ," ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. ಸಿಟ್ಟು ಇರಲಿಲ್ಲ ಆ ಮುಖದಲ್ಲಿ.

"ಅಜ್ಜಗ ಬ್ಯಾಡ, ಗೌಡ್ರಿಗೂ ಬ್ಯಾಡ. ನನಗರ ಹೇಳಬೇಕಿತ್ತು ನೀಲಾ."

ನಾನು ಮೊರದಿಂದ ಒಂದು ಕಲ್ಲು ಆರಿಸಿ ಹೊರಗೆ ಎಸೆದೆ. ಹದಿಮೂರರ ವಯಸ್ಸಿಗಾಗಲೇ ನಾನು ಅಜ್ಜನ ಮೊಮ್ಮಗಳಾಗಿದ್ದೆ. ಹೇಳಿದರೆ ಅವ್ವ ಅದನ್ನು ಅಜ್ಜನ ಕಿವಿಗೆ ಹಾಕಿಯಾಳು, ನನ್ನ ಬಸ್ ತಪ್ಪೀತು ಎಂದು ಅವಳ ಮೇಲೂ ನನಗೆ ಸಂಶಯವಿತ್ತು. ಎಲ್ಲ ಹೇಳಿದ ಆ ಸಂಜೆಯೂ ಅದೊಂದನ್ನು ಅವ್ವನಿಗೆ ಹೇಳಲಿಲ್ಲ.